ಇದ್ದ ಹಾಗೆಯೇ ಮಾರುವದು ನ್ಯಾಯವೋ?



ದನದ ಜಾತ್ರೆಗೆ ಹೋದವರೆಲ್ಲರೂ ಒಂದು ಸಂಗತಿಯನ್ನು ಕಂಡಿದ್ದಾರೆ. ಎತ್ತನ್ನು ಕೊಳ್ಳಬಂದವನು ಮಾರುವವನ ಮಾತಿಗೆ ಕಿವಿಗೊಡುವದಕ್ಕಿಂತ ಮುಂಚೆ ಎತ್ತಿನ ಬಾಯನ್ನು ಬಿಡಿಸಿ ಹಲ್ಲುಗಳನ್ನು ಎಣಿಸುತ್ತಾನೆ. ಗೊರಸನ್ನು ಎತ್ತಿ ನೋಡುತ್ತಾನೆ. ಹತ್ತು ಹೆಜ್ಜೆ ನಡಿಸಿ ನೋಡುತ್ತಾನೆ. ಮಾರುವವನು ಅದನ್ನು ಅವಮಾನವೆಂದು ಎಣಿಸುವದಿಲ್ಲ. ಆದರೆ ಹಸುವನ್ನು ಮಾರುವವನೊಬ್ಬನು ಹಿಂದಿನ ಹೊತ್ತಿನ ಹಾಲನ್ನು ಕರೆಯದೆ, ಕೆಚ್ಚಲು ತುಂಬಿ ಬಿಗಿದಿರುವ ಹಾಗೆಯೇ ಅದನ್ನು ಜಾತ್ರೆಗೆ ಹೊಡೆದುಕೊಂಡು ಬಂದರೆ ಏನನ್ನೋಣ? ಅವನು ಬಾಯಿಬಿಟ್ಟು ಒಂದು ಸುಳ್ಳನ್ನೂ ಆಡಲಿಲ್ಲ, ಸುಳ್ಳನ್ನಾಡಿದ್ದು ಕೆಚ್ಚಲು. ಈ ಪ್ರಶ್ನೆಯು ಕಳೆದ ವರುಷ ನಮಗೇ ಎದುರಾಯಿತು. ದನದ ವಿಷಯದಲ್ಲಿ ಅಲ್ಲ, ಒಂದು ಹಳೇ ಮೋಟಾರು ಕಾರಿನ ವಿಷಯದಲ್ಲಿ. ನಾವು ಅದರಲ್ಲಿ ಚೆನ್ನಾಗಿ ನಡಕೊಂಡೆವೆಂದು ಹೇಳಲಾರೆವು. ಆದದ್ದನ್ನು ಆದ ಹಾಗೆ ಬರೆಯುತ್ತೇವೆ.

ನಮ್ಮ ತೀರಿಹೋದ ತಂದೆಯವರು ಬಿಟ್ಟುಹೋದವುಗಳಲ್ಲಿ ಒಂದು ಅಂಬಾಸಿಡರ್ ಕಾರು ಇತ್ತು. ಅದು ೧೯೬೯ನೇ ಇಸವಿಯಲ್ಲಿ ನೋಂದಣಿಯಾದದ್ದು. ಕಾರುಗಳನ್ನು ಬಲ್ಲವರು ಮಾರ್ಕ್ ೨ ಎಂದು ಕರೆಯುವ ಜಾತಿಯದು. ಇದರ ವಂಶಾವಳಿಯು ಹಿರಿಯ ವಾಚಕರಿಗೆ ತಿಳಿದದ್ದೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮೂರನೇ ಮಾದರಿಯನ್ನು ಅನುಸರಿಸಿ ಹಿಂದುಸ್ತಾನ್ ಮೋಟಾರ್ಸ್ ಎಂಬ ಕಂಪೆನಿಯವರು ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ೧೯೫೭ರ ಸುಮಾರಿಗೆ ಇದನ್ನು ಮಾಡಲಾರಂಭಿಸಿದರು. ಮೋರೆಯನ್ನೂ ಇಂಜಿನನ್ನೂ ಆಗಾಗ ಬದಲಿಸುತ್ತಾ ೨೦೧೪ರ ತನಕ ಮಾಡಿದರು. ಮಂತ್ರಿಗಳು ಕೂತದ್ದೂ ಅದರಲ್ಲಿ, ಬಾಡಿಗೆಗೆ ಓಡಿದ್ದೂ ಅದೇ. ನಮ್ಮೂರಿನಲ್ಲಿ ಎಷ್ಟೋ ಮದುಮಕ್ಕಳು ಆ ಒಂದೇ ಕಾರಿನಲ್ಲಿ ಮನೆಗೆ ಬಂದರು, ಎಷ್ಟೋ ಬಸುರಿ ಹೆಂಗಸರು ರಾತ್ರಿಯಲ್ಲಿ ಅದರಲ್ಲೇ ಆಸ್ಪತ್ರೆಗೆ ಹೋದರು. ತಂದೆಯವರ ಕಣ್ಣು ಮಂದವಾದ ತರುವಾಯ ಅದನ್ನು ಕೊಟ್ಟಿಗೆಯ ಪಕ್ಕದ ಮಾಡಿನ ಕೆಳಗೆ ನಿಲ್ಲಿಸಿದೆವು. ಹತ್ತೊಂಭತ್ತು ಮಳೆಗಾಲಗಳು ಹೋದವು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಡುತ್ತಿತ್ತು. ಕರಾವಳಿಯ ಮಳೆ, ಸಮುದ್ರದ ಕಡೆಯಿಂದ ಬೀಸುವ ಉಪ್ಪುಗಾಳಿ ಇವೆರಡೂ ಕಬ್ಬಿಣಕ್ಕೆ ಮಾಡುವದೇನೆಂದು ಬಾವಿಯ ರಾಟೆಯನ್ನು ನೋಡಿದವರಿಗೆ ಹೇಳಬೇಕಾಗಿಲ್ಲ.

ಮಗಳ ಮದುವೆಯ ಸಾಲವು ಇನ್ನೂ ಉಳಿದಿರಲಾಗಿ ಆ ಕಾರನ್ನು ಮಾರೋಣವೆಂದು ನಾವು ಗೊತ್ತುಮಾಡಿದೆವು. ಪಟ್ಟಣದಲ್ಲಿರುವ ನಮ್ಮ ಸೋದರಳಿಯನು ಇಂಥಾ ಕೆಲಸಗಳಲ್ಲಿ ಚುರುಕು. ಅವನೇ ಜಾಹೀರಾತನ್ನು ಬರೆದುಕೊಟ್ಟನು. ‘ಜೀರ್ಣೋದ್ಧಾರಕ್ಕೆ ತಕ್ಕ ಹಳೇ ಅಂಬಾಸಿಡರ್. ಎಂದೂ ಕೈಹಾಕಿಸದ ಮೂಲ ಸ್ಥಿತಿ. ಒಬ್ಬರೇ ಯಜಮಾನರು. ಇದ್ದಲ್ಲಿ ಇದ್ದ ಹಾಗೆ. ಬೆಲೆ ೯೦,೦೦೦ ರೂಪಾಯಿ.’ ಇಷ್ಟೇ. ಇದರಲ್ಲಿ ಸುಳ್ಳಾದ ಪದವು ಒಂದಾದರೂ ಇತ್ತೋ? ನಾವು ಮೂರು ಸಾರಿ ಓದಿ ನೋಡಿದೆವು, ಇರಲಿಲ್ಲ. ಆದರೂ ‘ಜೀರ್ಣೋದ್ಧಾರ’ ಎಂಬ ಮಾತು ನಮ್ಮ ಗಂಟಲಲ್ಲಿ ಕೊಂಚ ಸಿಕ್ಕಿಕೊಂಡಿತು. ಅದರ ಮೊದಲನೇ ಅರ್ಧವು, ಅಂದರೆ ಜೀರ್ಣವಾದದ್ದು, ನಮ್ಮ ಮಾಡಿನ ಕೆಳಗೆ ಇತ್ತು. ಎರಡನೇ ಅರ್ಧವಾದ ಉದ್ಧಾರವು ಎಲ್ಲಿತ್ತು? ಅದು ಕೊಳ್ಳಬರುವವನ ತಲೆಯಲ್ಲಿ, ಅವನ ತೋಳಿನಲ್ಲಿ, ಅವನ ಮುಂದಿನ ಸಂಬಳಗಳಲ್ಲಿ ಇತ್ತು. ನಾವು ಎರಡಕ್ಕೂ ಸೇರಿಸಿ ಬೆಲೆ ಕಟ್ಟಿದ್ದೆವು.

ಇಂಥಾ ಆಶೆಯು ಸುಮ್ಮನೆ ಹುಟ್ಟಿದ್ದಲ್ಲ. ಫ್ರಾನ್ಸ್ ದೇಶದಲ್ಲಿ ಬೈಯ್ಯೋಂ ಎಂಬ ಸಾಗಣೆ ವ್ಯಾಪಾರಿಯೊಬ್ಬನು ಕೂಡಿಹಾಕಿದ್ದ ಹಳೇ ಕಾರುಗಳು ತಗಡಿನ ಮಾಡುಗಳ ಕೆಳಗೆ ದಶಕಗಳ ಕಾಲ ಬಿದ್ದಿದ್ದವು. ೨೦೧೪ರಲ್ಲಿ ಅವುಗಳ ಸುದ್ದಿ ಹೊರಬಿತ್ತು. ೨೦೧೫ರ ಫೆಬ್ರವರಿಯಲ್ಲಿ ಪ್ಯಾರಿಸ್ ಪಟ್ಟಣದಲ್ಲಿ ಅವುಗಳನ್ನು ಧೂಳಿನೊಂದಿಗೇ ಹರಾಜು ಹಾಕಿದರು. ಹಳೇ ಪತ್ರಿಕೆಗಳ ರಾಶಿಯ ಅಡಿಯಲ್ಲಿದ್ದ ಒಂದು ಫೆರಾರಿ ಕಾರಿಗೆ ೧ ಕೋಟಿ ೬೦ ಲಕ್ಷ ಯೂರೋಗಳಿಗೂ ಮಿಕ್ಕಿ ಕ್ರಯವು ಬಂತು. ಆ ಧೂಳನ್ನು ಒರಸಿದ್ದರೆ ಬೆಲೆ ಇಳಿಯುತ್ತಿತ್ತೆಂದು ಸಹ ಬಲ್ಲವರು ಹೇಳಿದರು. ಯಾಕಂದರೆ ಒಂದು ವಸ್ತುವು ತನ್ನ ಮೂಲ ಸ್ಥಿತಿಯಲ್ಲಿ ಇರುವದು ಒಂದೇ ಸಾರಿ, ಕೆಟ್ಟದಾಗಿ ಬಣ್ಣ ಬಳಿದದ್ದನ್ನು ತಿರಿಗಿ ಮೂಲಕ್ಕೆ ತರುವದು ಯಾರಿಂದಲೂ ಆಗದು. ಇದು ನಿಜವೇ. ಆದರೆ ಆ ಫೆರಾರಿಯ ಜಾತಿಯವು ಲೋಕದಲ್ಲಿ ಬೆರಳೆಣಿಕೆಯಷ್ಟು. ಅಂಬಾಸಿಡರ್ ಕಾರುಗಳೋ ಐವತ್ತಾರು ವರುಷ ನಿಲ್ಲದೆ ಹುಟ್ಟಿದವು. ಅಲ್ಲಿನ ಧೂಳಿನ ಬೆಲೆಯನ್ನು ಇಲ್ಲಿನ ಧೂಳಿಗೆ ಹಚ್ಚಿ ನೋಡುವವರು ಊರೂರಲ್ಲಿ ಇದ್ದಾರೆ. ನಾವೂ ಅವರಲ್ಲಿ ಒಬ್ಬರಾಗಿದ್ದೆವು.

ಜಾಹೀರಾತನ್ನು ಹೊರಡಿಸುವದಕ್ಕಿಂತ ಮುಂಚೆ ಇಂಜಿನು ತಿರುಗುವದೋ ಎಂದು ನೋಡುವದಕ್ಕಾಗಿ ಊರ ಗ್ಯಾರೇಜಿನ ಮೇಸ್ತ್ರಿಯನ್ನು ಕರಸಿದೆವು. ಅವನು ಹೊಸ ಬ್ಯಾಟರಿಯನ್ನು ಕೂರಿಸಿ, ಪೆಟ್ರೋಲಿನ ಕೊಳವೆಗಳನ್ನು ಊದಿ, ಎರಡು ದಿನ ಒದ್ದಾಡಿ ಇಂಜಿನನ್ನು ನಡಿಸಿಬಿಟ್ಟನು. ನಮ್ಮ ಮನೆಯವರೆಲ್ಲಾ ಅಂಗಳಕ್ಕೆ ಬಂದು ನಿಂತು ಆ ಸದ್ದನ್ನು ಕೇಳಿದರು. ತರುವಾಯ ಮೇಸ್ತ್ರಿಯು ನಮ್ಮ ಅಪ್ಪಣೆಯಿಲ್ಲದೆಯೇ ಬಾಗಲಿನ ಕೆಳಗಿನ ಅಂಚಿನ ಬಳಿ ಮೊಣಕಾಲೂರಿ ಕೂತು, ಸ್ಕ್ರೂಡ್ರೈವರಿನ ಮೊನೆಯನ್ನು ಅಲ್ಲಿಗೆ ಒತ್ತಿದನು. ಅದು ಹಿಡಿಯ ತನಕ ಒಳಕ್ಕೆ ಹೋಯಿತು. ಕೆಂಪು ಪುಡಿಯು ಸುರಿಯಿತು. ಅವನು ಮುಖವೆತ್ತಿ, “ಚಾಪೆ ಎತ್ತಿ ನೋಡುವನೋ, ಸ್ವಾಮೀ?” ಎಂದು ಕೇಳಿದನು. ಕಾರಿನ ಒಳಗೆ ನೆಲಕ್ಕೆ ಹಾಸಿದ ರಬ್ಬರಿನ ಚಾಪೆಯನ್ನು ಅವನು ಹೇಳಿದ್ದು.

“ಬೇಡ ಮೇಸ್ತ್ರಿ, ಅದು ಕೊಂಡವರು ನೋಡಿಕೊಳ್ಳಲಿ” ಅಂದೆವು.

ಇಲ್ಲಿ ವಾಚಕರಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕು. ಲಾರಿಗೂ ಜೀಪಿಗೂ ಕೆಳಗೆ ಬಲವಾದ ಉಕ್ಕಿನ ಚೌಕಟ್ಟು ಇರುತ್ತದೆ. ಮೇಲಿನ ತಗಡು ಕೊಳೆತರೆ ತಗಡನ್ನು ಬದಲಿಸಿದರಾಯಿತು. ಅಂಬಾಸಿಡರಿಗೆ ಅಂಥಾ ಬೇರೆ ಚೌಕಟ್ಟು ಇಲ್ಲ. ಅದರ ನೆಲ, ಬಾಗಲುಗಳ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥಾ ಅಂಚು, ಚಾವಣಿ, ಇವೆಲ್ಲಾ ಒಂದಕ್ಕೊಂದು ಬೆಸೆದುಕೊಂಡು ತಾವೇ ಭಾರವನ್ನು ಹೊರುತ್ತವೆ. ಕಂಬವಿಲ್ಲದ ಮಣ್ಣಿನ ಮನೆಯಲ್ಲಿ ಗೋಡೆಯೇ ಮಾಡನ್ನು ಹೊರುವ ಹಾಗೆ. ಆದಕಾರಣ ಆ ಅಂಚಿನಲ್ಲಿ ತುಕ್ಕು ಹಿಡಿದರೆ ಅದು ಚರ್ಮದ ರೋಗವಲ್ಲ, ಎಲುಬಿನ ರೋಗ. ಹಿಂದಿನ ಪಟ್ಟೆಯ ಸ್ಪ್ರಿಂಗುಗಳು ಕಚ್ಚಿಕೊಂಡಿರುವ ಸ್ಥಳಗಳಿಗೂ ಅದು ಹಬ್ಬಿದರೆ ಗಾಡಿಯು ಓಡುವಾಗಲೇ ಕುಸಿಯಬಹುದು. ಟಿಂಕರಿಂಗ್ ಮಾಡುವವರು ಬಾಗಲುಗಳನ್ನು ಬಿಚ್ಚಿ, ಒಳಗಿನಿಂದ ಆಧಾರ ಕೊಟ್ಟು, ಕೊಳೆತದ್ದನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಬೇಕು. ಅದಕ್ಕೆ ತಿಂಗಳುಗಳು ಹಿಡಿಯುತ್ತವೆ, ಕೊಂಡ ಬೆಲೆಯು ಅದರ ಮುಂದೆ ಸಣ್ಣದಾಗುತ್ತದೆ. ಇಂಜಿನು ಕೆಟ್ಟರೆ ಇನ್ನೊಂದು ಇಂಜಿನು ಸಿಕ್ಕೀತು. ನೆಲ ಹೋದ ಕಾರಿಗೆ ಇನ್ನೊಂದು ನೆಲವನ್ನು ಅಂಗಡಿಯಲ್ಲಿ ಕೊಡುವದಿಲ್ಲ.

ಇದೆಲ್ಲಾ ನಮಗೆ ಗೊತ್ತಿತ್ತು. ಗೊತ್ತಿದ್ದದರಿಂದಲೇ ಚಾಪೆಯನ್ನು ಎತ್ತಬೇಡವೆಂದೆವು.

ಆ ರಾತ್ರಿ ನಮ್ಮ ಸೋದರಳಿಯನೊಂದಿಗೆ ಮಾತಾಯಿತು. ಅವನ ನ್ಯಾಯವನ್ನು ಪೂರ್ತಿಯಾಗಿ ಹೇಳುವದು ನಮ್ಮ ಧರ್ಮ, ಯಾಕಂದರೆ ಅದು ಬಲವುಳ್ಳದ್ದೇ. “ಮಾವಾ, ಅವನು ಹೊಸ ಕಾರನ್ನು ಕೊಳ್ಳುವದಕ್ಕೆ ಬರುತ್ತಾನೋ? ಮುರಿದದ್ದೆಂದು ಹೇಳಿಯೇ ಮಾರುತ್ತೇವಲ್ಲಾ. ಇದ್ದ ಹಾಗೆ ಎಂದು ಬರೆದಿದೆ. ಕಣ್ಣುಂಟು, ಕೈಯುಂಟು, ಬೇಕಾದರೆ ತನ್ನ ಮೇಸ್ತ್ರಿಯನ್ನು ಕರತರಲಿ. ನಾವು ಅವನನ್ನು ತಡೆಯುತ್ತೇವೋ? ಅವನು ಕೇಳಿದರೆ ಸುಳ್ಳು ಹೇಳಬೇಡಿ. ಕೇಳದಿದ್ದರೆ ಬಾಯಿಬಿಡಬೇಡಿ. ಸಂತೆಯಲ್ಲಿ ಯಾವನು ತನ್ನ ಬದನೆಕಾಯಿಯ ಹುಳವನ್ನು ಕೂಗಿ ಹೇಳುತ್ತಾನೆ?”

ಈ ವ್ಯಾಜ್ಯವು ಎರಡು ಸಾವಿರ ವರುಷಗಳಿಂದ ನಡೆದು ಬಂದದ್ದೆಂದು ನಾವು ಆಮೇಲೆ ಓದಿ ತಿಳುಕೊಂಡೆವು. ರೋಮಿನ ಸಿಸೆರೋ ಎಂಬವನು ಕ್ರಿಸ್ತಪೂರ್ವ ೪೪ರಲ್ಲಿ ತನ್ನ ಮಗನಿಗೋಸ್ಕರ ಕರ್ತವ್ಯಗಳನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಅದರ ಮೂರನೇ ಭಾಗದಲ್ಲಿ ಒಬ್ಬನು ಮನೆಯನ್ನು ಮಾರುತ್ತಾನೆ. ಮನೆಯ ಮರವು ಕೊಳೆತಿದೆ, ಮಲಗುವ ಕೋಣೆಗಳಲ್ಲಿ ಹಾವುಗಳು ಬರುತ್ತವೆ. ಇದನ್ನು ಬಲ್ಲವನು ಯಜಮಾನನೊಬ್ಬನೇ. ಹೇಳಬೇಕೋ, ಬಾರದೋ? ಗ್ರೀಕರ ಇಬ್ಬರು ಪಂಡಿತರು ಇದರಲ್ಲಿ ಎದುರುಬದುರಾಗಿ ನಿಂತರಂತೆ. ಬಾಬಿಲೋನಿನ ಡಯೋಜಿನೀಸನು ನಮ್ಮ ಅಳಿಯನ ಪಕ್ಷ: ಕೊಳ್ಳಬೇಕೆಂದು ಯಾರೂ ಬಲವಂತಮಾಡಲಿಲ್ಲ, ಹೇಳದೆ ಇರುವದು ಬೇರೆ, ಮರೆಮಾಡುವದು ಬೇರೆ. ಅವನ ಶಿಷ್ಯನಾದ ಆಂಟಿಪೇಟರನು ಒಪ್ಪಲಿಲ್ಲ: ದಾರಿ ತಪ್ಪಿದವನಿಗೆ ದಾರಿಯನ್ನು ತೋರಿಸದಿರುವದು ತಪ್ಪಾದರೆ, ತಿಳಿದು ತಿಳಿದು ಒಬ್ಬನನ್ನು ತಪ್ಪು ದಾರಿಗೆ ಹೋಗಗೊಡುವದು ಅದಕ್ಕಿಂತ ಕೆಟ್ಟದ್ದಲ್ಲವೋ? ಸಿಸೆರೋ ಆಂಟಿಪೇಟರನ ಕಡೆಗೆ ತೀರ್ಪು ಕೊಟ್ಟನು.

ಅದೇ ಗ್ರಂಥದಲ್ಲಿ ಇನ್ನೊಂದು ಕಥೆಯುಂಟು. ನಮ್ಮನ್ನು ಹೆಚ್ಚು ತಿವಿದದ್ದು ಅದೇ. ಕಾನಿಯಸನೆಂಬ ರೋಮಿನವನು ಸಿರಾಕ್ಯೂಸ್ ಪಟ್ಟಣದಲ್ಲಿ ಒಂದು ತೋಟವನ್ನು ಕೊಳ್ಳಬಯಸಿದನು. ಪಿಥಿಯಸನೆಂಬ ಸಾಹುಕಾರನು ತನ್ನ ತೋಟವನ್ನು ಮಾರುವದಿಲ್ಲವೆಂದು ಹೇಳುತ್ತಲೇ ಅವನನ್ನು ಊಟಕ್ಕೆ ಕರೆದು, ಮೀನುಗಾರರಿಗೆ ಮೊದಲೇ ಹೇಳಿ ಇಟ್ಟನು. ಕಾನಿಯಸನು ಬಂದಾಗ ತೋಟದ ಮುಂದೆ ದೋಣಿಗಳು ಕಿಕ್ಕಿರಿದಿದ್ದವು. ಬೆಸ್ತರು ಮೀನುಗಳನ್ನು ತಂದು ತಂದು ಸಾಹುಕಾರನ ಕಾಲ ಬಳಿ ಸುರಿದರು. ಊರಿನ ಮೀನೆಲ್ಲಾ ಇಲ್ಲೇ ಎಂದು ಕೇಳಿ ಕಾನಿಯಸನು ಬೇಡಿಬೇಡಿ, ಕೇಳಿದ ಕ್ರಯವನ್ನು ಕೊಟ್ಟು ಕೊಂಡನು. ಮರುದಿನ ಗೆಳೆಯರನ್ನು ಕರತಂದು ನೋಡಿದರೆ ಒಂದು ದೋಣಿಯೂ ಇಲ್ಲ. ಈ ಹೊತ್ತು ಬೆಸ್ತರಿಗೆ ಹಬ್ಬವೋ ಎಂದು ನೆರೆಯವನನ್ನು ವಿಚಾರಿಸಲು ಅವನು, ಇಲ್ಲಿ ಯಾರೂ ಮೀನು ಹಿಡಿಯುವದೇ ಇಲ್ಲ, ನಿನ್ನೆಯ ಸಂಗತಿಗೆ ನನಗೂ ಆಶ್ಚರ್ಯವಾಯಿತು ಅಂದನಂತೆ. ಹಳೇ ಕಾರನ್ನು ಮಾರುವವನು ಗಿರಾಕಿ ಬರುವದಕ್ಕಿಂತ ಅರ್ಧ ಗಂಟೆ ಮುಂಚೆ ಇಂಜಿನನ್ನು ನಡಿಸಿ ಬಿಸಿಮಾಡಿಡುತ್ತಾನೆ. ಬಿಸಿಯಾದ ಇಂಜಿನು ಕೂಡಲೇ ಹೊತ್ತಿಕೊಳ್ಳುವದು, ತಣ್ಣಗಿರುವಾಗಿನ ಅದರ ಕೆಮ್ಮು ಕೇಳಿಸದು. ತುಕ್ಕಿದ ಅಡಿಭಾಗಕ್ಕೆ ಡಾಂಬರಿನಂಥಾ ಕಪ್ಪನ್ನು ದಪ್ಪಗೆ ಬಳಿಯುವದು ಇನ್ನೊಂದು ದೋಣಿ. ತೂತುಗಳಿಗೆ ಪುಟ್ಟಿಯನ್ನು ಮೆತ್ತಿ ಉಜ್ಜಿ ಬಣ್ಣ ಹೊಡೆಯುವದು ಮತ್ತೊಂದು. ಅದಕ್ಕೇ ಬಲ್ಲವರು ಜೇಬಿನಲ್ಲಿ ಅಯಸ್ಕಾಂತದ ತುಂಡನ್ನು ಇಟ್ಟುಕೊಂಡು ಬರುತ್ತಾರೆ, ತಗಡಿಗೆ ಅಂಟುವದು ಪುಟ್ಟಿಗೆ ಅಂಟದು. ಇವು ಯಾವವನ್ನೂ ನಾವು ಮಾಡಲಿಲ್ಲ. ಹಾಗಿದ್ದರೂ ಆ ಚಾಪೆಯು ನಮ್ಮ ಮನಸ್ಸಿನಲ್ಲಿ ಒಂದು ದೋಣಿಯ ಹಾಗೆ ತೇಲುತ್ತಲೇ ಇತ್ತು.

ನಮ್ಮ ದೇಶದ ಕಾಯಿದೆಯು ಏನನ್ನುತ್ತದೆ? ೧೯೩೦ರ ಸರಕು ಮಾರಾಟದ ಕಾಯಿದೆಯು, ಕೆಲವು ಸಂದರ್ಭಗಳನ್ನು ಬಿಟ್ಟರೆ, ವಸ್ತುವಿನ ಗುಣದ ಜವಾಬ್ದಾರಿಯನ್ನು ಮಾರುವವನ ತಲೆಯ ಮೇಲೆ ತಾನಾಗಿ ಹೊರಿಸುವದಿಲ್ಲ. ೧೮೭೨ರ ಕರಾರಿನ ಕಾಯಿದೆಯ ೧೭ನೇ ಕಲಮಿನಲ್ಲಿ ಇದಕ್ಕೆ ಕುದುರೆಯ ದೃಷ್ಟಾಂತಗಳೇ ಇವೆ. ಒಬ್ಬನು ರೋಗದ ಕುದುರೆಯನ್ನು ಹರಾಜಿನಲ್ಲಿ ಮಾರಿ, ರೋಗದ ಮಾತನ್ನೇ ಎತ್ತದಿದ್ದರೆ ಅದು ವಂಚನೆಯಲ್ಲ. ಇಷ್ಟನ್ನು ಓದಿ ನಮ್ಮ ಅಳಿಯನು ಪುಸ್ತಕವನ್ನು ಮುಚ್ಚುತ್ತಿದ್ದನು. ಆದರೆ ಕೆಳಗೆ ಇನ್ನೆರಡು ಕುದುರೆಗಳುಂಟು. ಕೊಳ್ಳುವವಳು ಮಾರುವವನ ಸ್ವಂತ ಮಗಳಾಗಿದ್ದು, ಈಗಲೇ ಪ್ರಾಯಕ್ಕೆ ಬಂದವಳಾದರೆ, ತಂದೆಯು ಹೇಳಲೇಬೇಕು. ಇನ್ನು, ಕೊಳ್ಳುವವನು ‘ನೀನು ಇಲ್ಲವೆನ್ನದಿದ್ದರೆ ಕುದುರೆ ಗಟ್ಟಿಯಿದೆಯೆಂದು ತಿಳಿಯುತ್ತೇನೆ’ ಎಂಬರ್ಥದ ಮಾತನ್ನಾಡಿದಾಗ ಮಾರುವವನು ಸುಮ್ಮನಿದ್ದರೆ, ಆ ಮೌನವೇ ಮಾತಿಗೆ ಸಮಾನವಾಗುವದು.

ಕಾಯಿದೆಯು ಮಗಳ ಹತ್ತಿರ ಬಂದು ನಿಂತಿತು. ಅದು ನಿಲ್ಲಲೇಬೇಕು, ಊರಿನ ಪ್ರತಿಯೊಂದು ಸಂತೆಯ ವ್ಯಾಪಾರವನ್ನು ಕೋರ್ಟಿನವರು ತೂಗುತ್ತಾ ಕೂತರೆ ಆದೀತೋ? ಆದರೆ ನಾವು ನಮ್ಮನ್ನೇ ಕೇಳಿಕೊಂಡೆವು: ಈ ಕಾರನ್ನು ನಮ್ಮ ಮಗಳೂ ಅಳಿಯಂದಿರೂ ಕೊಳ್ಳುವದಾಗಿದ್ದರೆ ಚಾಪೆಯನ್ನು ನಾವೇ ಎತ್ತುತ್ತಿರಲಿಲ್ಲವೋ? ನಮ್ಮ ಸಭೆಯವನೊಬ್ಬನು, ಭಾನುವಾರ ಪಕ್ಕದ ಬೆಂಚಿನಲ್ಲಿ ಕೂರುವವನು, ಕೊಳ್ಳುವದಾಗಿದ್ದರೆ? ಎತ್ತುತ್ತಿದ್ದೆವು, ಪ್ರೀತಿಯಿಂದಲ್ಲದಿದ್ದರೂ, ಮುಂದಿನ ಭಾನುವಾರದ ಭಯದಿಂದಾದರೂ ಎತ್ತುತ್ತಿದ್ದೆವು. ಹಾಗಾದರೆ ದೂರದಿಂದ ಬರುವ, ಮುಂದೆ ಎಂದೂ ಕಣ್ಣಿಗೆ ಬೀಳದ ಗಿರಾಕಿಗೆ ಕಡಿಮೆ ಸತ್ಯವನ್ನು ಅಳೆದು ಕೊಡುವ ಸೇರು ನಮ್ಮಲ್ಲಿ ಎಲ್ಲಿಂದ ಬಂತು? ನೆರೆಯವನು ಯಾರೆಂಬ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಚಿಕ್ಕಂದಿನಿಂದ ಬಾಯಿಪಾಠ ಮಾಡಿದವರು ನಾವು.

ಗಿರಾಕಿಯು ಬಂದನು. ಘಟ್ಟದ ಮೇಲಿನ ಊರೊಂದರ ಹುಡುಗನು, ಇಪ್ಪತ್ತೈದರ ಪ್ರಾಯ ಇದ್ದೀತು, ಕಾರಖಾನೆಯೊಂದರಲ್ಲಿ ಕೆಲಸ. ಅವನ ಅಜ್ಜನು ಅಂಬಾಸಿಡರ್ ಬಾಡಿಗೆ ಕಾರನ್ನು ಓಡಿಸುತ್ತಿದ್ದನಂತೆ. ಅವನು ಚಾಲಕನ ಸೀಟಿನಲ್ಲಿ ಕೂತು, ಅಗಲವಾದ ಆ ಚಕ್ರವನ್ನು ಎರಡು ಕೈಗಳಲ್ಲಿ ಹಿಡಿದು, ಬಹಳ ಹೊತ್ತು ಸುಮ್ಮನಿದ್ದನು. ಇಂಜಿನಿನ ವಿಷಯ ಕೇಳಿದನು, ಹೇಳಿದೆವು. ಕಾಗದಪತ್ರಗಳ ವಿಷಯ ಕೇಳಿದನು. ಆರ್‌ಸಿ ಪುಸ್ತಕವು ತೀರಿಹೋದವರ ಹೆಸರಿನಲ್ಲೇ ಇದೆ, ಮೊದಲು ೩೧ನೇ ನಮೂನೆಯಲ್ಲಿ ನಮ್ಮ ಹೆಸರಿಗೆ ಆಗಬೇಕು, ಆಮೇಲೆ ನಿನ್ನ ಹೆಸರಿಗೆ ಎಂದು ಅದನ್ನೂ ನೆಟ್ಟಗೆ ಹೇಳಿದೆವು. ಸರಕಾರದವರು ೨೦೨೧ರಲ್ಲಿ ಹೊಸ ನಿಯಮವನ್ನು ಮಾಡಿ, ಮೊದಲ ನೋಂದಣಿಯಿಂದ ೫೦ ವರುಷ ಮೀರಿದ ಸ್ವಂತ ಗಾಡಿಗಳಿಗೆ ವಿಂಟೇಜ್ ಎಂಬ ಬೇರೆ ನೋಂದಣಿಯನ್ನು ಕೊಡುತ್ತಾರೆ, ವಿಎ ಎಂಬ ಅಕ್ಷರಗಳುಳ್ಳ ನಂಬರು ಸಿಕ್ಕುವದು, ೨೦,೦೦೦ ರೂಪಾಯಿ ಫೀಸು ಎಂಬದನ್ನು ಅವನೇ ನಮಗೆ ತಿಳಿಸಿದನು. ಗಾಡಿಯು ಮೂಲ ರೂಪದಲ್ಲಿ ಇರಬೇಕು, ಅದರ ಮೈಕಟ್ಟನ್ನೂ ಇಂಜಿನನ್ನೂ ಬಹಳವಾಗಿ ಮಾರ್ಪಡಿಸಿರಬಾರದು ಎಂಬ ಷರತ್ತು ಅದಕ್ಕುಂಟು. ನೆಲವನ್ನೇ ಕತ್ತರಿಸಿ ಹೊಸದಾಗಿ ಕಟ್ಟಬೇಕಾದ ಗಾಡಿಗೆ ಅಧಿಕಾರಿಯು ಏನನ್ನುವನೆಂದು ನಮಗೆ ಆ ಕ್ಷಣದಲ್ಲಿ ಹೊಳೆಯಿತು. ಹುಡುಗನು ನಂಬರಿನ ಮಾತನ್ನು ಎಷ್ಟು ಸಂತೋಷದಿಂದ ಆಡುತ್ತಿದ್ದನೆಂದರೆ ನಾವು ತಲೆದೂಗಿದೆವು.

ನೆಲದ ವಿಷಯ ಅವನು ಕೇಳಲೇ ಇಲ್ಲ. ಹೊರಡುವಾಗ, “ಅಡಿಗೆ ಇಳಿದು ನೋಡಬೇಕಿತ್ತು, ಇರಲಿ. ದೊಡ್ಡವರು ನೀವು. ಏನಾದರೂ ಇದ್ದಿದ್ದರೆ ನೀವೇ ಹೇಳುತ್ತಿದ್ದಿರಿ” ಎಂದು ಹೇಳಿ ೧೦,೦೦೦ ರೂಪಾಯಿ ಮುಂಗಡವನ್ನು ನಮ್ಮ ಕೈಯಲ್ಲಿಟ್ಟನು.

ಮೂರನೇ ಕುದುರೆ ಅಂಗಳದಲ್ಲೇ ನಿಂತಿತ್ತು. ನಾವು ಸುಮ್ಮನಿದ್ದೆವು.

ಮಾತು ಬೆಳ್ಳಿ ಮೌನ ಬಂಗಾರ ಎಂಬ ಗಾದೆಯನ್ನು ಹಿರಿಯರು ಯಾವ ಅರ್ಥದಲ್ಲಿ ಹೇಳಿದರೋ! ಈ ಮೌನಕ್ಕೆ ಬಂಗಾರದ ತೂಕವಿತ್ತು ಎಂಬದು ಮುಂದೆ ಗೊತ್ತಾಗುವದು. ನಾಲ್ಕು ದಿನ ನಾವು ನಮಗೆ ನಾವೇ ವಕೀಲರಾದೆವು. ನೆಲವು ಪೂರ್ತಿ ಹೋಗಿದೆಯೆಂದು ನಮಗೇನು ಗೊತ್ತು, ನಾವು ನೋಡಲಿಲ್ಲವಲ್ಲಾ? ಹೌದು, ನೋಡಲಿಲ್ಲ. ಅರಿಯದಿರುವದು ಒಂದು, ಅರಿಯದಂತೆ ನೋಡಿಕೊಳ್ಳುವದು ಇನ್ನೊಂದು. ಗೇರುಪೆಟ್ಟಿಗೆಯ ಹಲ್ಲುಗಳು ಒಳಗೆ ಎಷ್ಟು ಸವೆದಿವೆಯೋ ನಾವು ನಿಜವಾಗಿ ಅರಿಯೆವು; ಬಿಚ್ಚದೆ ಯಾರೂ ಅರಿಯರು; ಅದನ್ನು ‘ಇದ್ದ ಹಾಗೆ’ ಎಂಬ ಮಾತಿನ ಕೆಳಗೆ ಇಡುವದರಲ್ಲಿ ತಪ್ಪಿಲ್ಲ. ಆ ಮಾತು ಹುಟ್ಟಿದ್ದೇ ಅದಕ್ಕೆ. ಆದರೆ ಬರಿಗೈಯಿಂದ ಒಂದು ಚಾಪೆಯನ್ನು ಎತ್ತಿದರೆ ಕಾಣುವದನ್ನು, ಎತ್ತಬೇಡವೆಂದು ಮೇಸ್ತ್ರಿಗೆ ಹೇಳಿ ಉಳಿಸಿಕೊಂಡ ನಮ್ಮ ಅಜ್ಞಾನವು ನಮ್ಮ ಸ್ವಂತ ಕೈಗೆಲಸ. ಹಸುವಿನ ಕೆಚ್ಚಲನ್ನು ತುಂಬಿಸಿಟ್ಟವನಿಗೂ ನಮಗೂ ಏನು ವ್ಯತ್ಯಾಸ? ಅವನು ಗಿರಾಕಿಯೊಬ್ಬನನ್ನೇ ಮೋಸಗೊಳಿಸಿದನು. ನಾವು ನಮ್ಮ ಮನಸ್ಸಾಕ್ಷಿಯ ಕಣ್ಣಿಗೂ ಒಂದು ಚಾಪೆಯನ್ನು ಹಾಸಿದೆವು.

ಐದನೇ ದಿನ ಬೆಳಿಗ್ಗೆ ನಾವೇ ಹೋಗಿ ಅದನ್ನು ಎತ್ತಿದೆವು. ಚಾಲಕನ ಕಾಲಿಡುವ ಕಡೆ ಅಂಗಳದ ಮಣ್ಣು ಕಾಣುತ್ತಿತ್ತು. ಹುಡುಗನಿಗೆ ಫೋನು ಮಾಡಿ ಬರಹೇಳಿದೆವು.

ಸತ್ಯವನ್ನು ಹೇಳಿದವನಿಗೆ ಕೂಡಲೇ ಉಪಕಾರಸ್ಮರಣೆ ಸಿಕ್ಕುವದೆಂದು ಕಥೆಗಳಲ್ಲಿ ಓದುತ್ತೇವೆ. ನಮಗೆ ಸಿಕ್ಕಲಿಲ್ಲ, ಸಿಕ್ಕಬೇಕಾದ್ದೂ ಇರಲಿಲ್ಲ. ಹುಡುಗನು ಆ ತೂತಿನ ಅಂಚನ್ನು ಬೆರಳಿನಿಂದ ಒತ್ತಿ ನೋಡಿದನು; ಹಪ್ಪಳದ ಹಾಗೆ ಮುರಿಯಿತು. ಅವನು ಬಾಕಿ ಹಣಕ್ಕಾಗಿ ತನ್ನ ಬೈಕನ್ನು ಎರಡು ದಿನದ ಹಿಂದೆ ಮಾರಿಬಿಟ್ಟಿದ್ದನು. ಅವಸರದಲ್ಲಿ ಮಾರಿದ್ದರಿಂದ ಕಡಿಮೆಗೆ ಹೋಗಿತ್ತು. “ಇದನ್ನು ಆ ದಿನವೇ ಹೇಳಬಹುದಿತ್ತಲ್ಲಾ ಸಾರ್” ಎಂದು ಅವನು ಒಂದೇ ಸಾರಿ ಹೇಳಿದನು. ಮುಂಗಡವನ್ನು ಕೊಟ್ಟೆವು, ಬೈಕಿನ ನಷ್ಟಕ್ಕೆಂದು ಅದರ ಮೇಲೆ ೫,೦೦೦ ರೂಪಾಯಿ ಇಟ್ಟೆವು. ಮುಂಗಡವನ್ನು ಎಣಿಸಿ ಜೇಬಿಗೆ ಹಾಕಿಕೊಂಡನು, ಉಳಿದದ್ದನ್ನು ಕಟ್ಟೆಯ ಮೇಲೇ ಬಿಟ್ಟು ಬಸ್ಸಿಗೆ ಹೋದನು. ನಾಲ್ಕು ದಿನ ತಡವಾಗಿ ಹೇಳಿದ ಸತ್ಯಕ್ಕೆ ಅವನು ಬೆಲೆ ಕೊಟ್ಟಾಗಿತ್ತು.

ಕೊಳ್ಳುವವರೆಲ್ಲಾ ಪಾಪದವರು, ಮಾರುವವರೆಲ್ಲಾ ಕಳ್ಳರು ಎಂಬರ್ಥದಲ್ಲಿ ನಾವು ಬರೆಯುತ್ತಿಲ್ಲ. ಕೊಳ್ಳುವಾಗ ಕೆಟ್ಟದ್ದು, ಕೆಟ್ಟದ್ದು ಎಂದು ಹಳಿದು, ಕೊಂಡುಹೋದ ಮೇಲೆ ಹೆಚ್ಚಳಪಡುವವನನ್ನು ಜ್ಞಾನೋಕ್ತಿಗಳ ಪುಸ್ತಕವು ಬಹು ಕಾಲದ ಹಿಂದೆಯೇ ಗುರುತಿಸಿದೆ. ಅಪರೂಪದ ಗಾಡಿಯೊಂದನ್ನು ಗಂಡ ಸತ್ತ ಹೆಂಗಸಿನ ಮನೆಯಲ್ಲಿ ಕಂಡು, ಅದರ ಇಂಜಿನಿನ ನಂಬರೂ ಪುಸ್ತಕದ ನಂಬರೂ ಒಂದೇ ಎಂದು ಬಲ್ಲವನಾಗಿ, ಗುಜರಿಯವನ ತೂಕದ ಲೆಕ್ಕದಲ್ಲಿ ಕೊಂಡುಹೋಗುವವರು ಇದ್ದಾರೆ. ಆ ಹೆಂಗಸಿಗೆ ಚಾಪೆಯ ಕೆಳಗೆ ಏನಿದೆಯೆಂದು ಹೇಳಬೇಕಾದವನು ಕೊಳ್ಳುವವನೇ. ತಿಳಿದವನು ಯಾವ ಕಡೆಯಲ್ಲಿ ನಿಂತಿರುವನೋ ಭಾರವು ಆ ಕಡೆಗೆ ಬೀಳುತ್ತದೆ.

ಅಳಿಯನು ಬರೆದ ಜಾಹೀರಾತನ್ನು ತೆಗೆದು ನಾವು ಬೇರೊಂದನ್ನು ಬರೆದೆವು. ನೆಲವು ಮುಂದಿನ ಎರಡು ಕಡೆಯೂ ತೂತು. ಬಾಗಲ ಕೆಳಗಿನ ಅಂಚುಗಳು ಎಡಬಲ ಎರಡೂ ಕೊಳೆತಿವೆ. ಇಂಜಿನು ತಣ್ಣಗಿರುವಾಗ ಬಹಳ ಹೊತ್ತು ಹಿಡಿಯುತ್ತದೆ, ಬಂದವರ ಮುಂದೆಯೇ ಮೊದಲು ನಡಿಸುತ್ತೇವೆ. ಗೇರುಪೆಟ್ಟಿಗೆಯ ಸ್ಥಿತಿ ತಿಳಿಯದು. ವಿಂಟೇಜ್ ನೋಂದಣಿ ಸಿಕ್ಕುವದೆಂದು ನಾವು ಹೇಳಲಾರೆವು. ಗಾಜುಗಳೂ ದೀಪಗಳೂ ಮುಂದಿನ ಜಾಲರಿಯೂ ಮೂಲದವೇ, ಒಡೆದಿಲ್ಲ. ಅಳಿಯನು ಅದನ್ನು ಓದಿ, “ಇದು ಜಾಹೀರಾತೋ, ಶವಪರೀಕ್ಷೆಯ ವರದಿಯೋ?” ಎಂದು ನಕ್ಕನು. ಮೂರು ತಿಂಗಳು ಒಬ್ಬನೂ ಬರಲಿಲ್ಲ. ಗುಜರಿಯವನು ಮಾತ್ರ ಎರಡು ಸಾರಿ ಬಂದು ತಕ್ಕಡಿಯ ಮಾತಾಡಿ ಹೋದನು. ಬ್ಯಾಂಕಿನ ಕಂತಿಗೆ ಬೇರೆ ಕಡೆಯಿಂದ ಕೈಗಡವನ್ನು ತರಬೇಕಾಯಿತು. ನಮ್ಮ ಮನೆಯವರು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಆ ಮಾಡಿನ ಕಡೆಗೆ ನೋಡುವದನ್ನು ಬಿಟ್ಟರು.

ಆಮೇಲೆ ಒಬ್ಬನು ಬಂದನು. ನಲವತ್ತು ದಾಟಿದವನು, ತಾನೇ ಟಿಂಕರಿಂಗ್ ಕೆಲಸದವನು, ಉಗುರುಗಳಲ್ಲಿ ಬಣ್ಣದ ಗುರುತು. ಅವನು ಇಂಜಿನಿನ ಕಡೆಗೆ ನೋಡಲೇ ಇಲ್ಲ; ನೇರವಾಗಿ ಬಾಗಲಿನ ಕೆಳಗೆ ಮೊಣಕಾಲೂರಿದನು. “ಬರೆದದ್ದಕ್ಕಿಂತ ಹೆಚ್ಚೇನೂ ಇಲ್ಲ” ಅಂದನು. ಕ್ರಯವು ೩೮,೦೦೦ ರೂಪಾಯಿಗೆ ನಿಂತಿತು. ಮೌನದ ತೂಕವನ್ನು ಹೇಳುತ್ತೇವೆಂದೆವಲ್ಲಾ, ೫೨,೦೦೦. ಕೈ ಕೊಡುವದಕ್ಕಿಂತ ಮುಂಚೆ ಅವನು, “ಹಿಂದಿನ ಸ್ಪ್ರಿಂಗು ಕಚ್ಚಿರುವ ಜಾಗ ಹೇಗಿದೆ? ಅದನ್ನು ನೀವು ಬರೆದಿಲ್ಲ” ಎಂದು ಕೇಳಿದನು.

ನಾವು ನೋಡಿಲ್ಲವೆಂದು ಹೇಳಿದೆವು. ಅದು ನಿಜವಾಗಿತ್ತು, ಚಾಪೆಯನ್ನು ಎತ್ತಿದ್ದೆವೇ ಹೊರತು ಅಡಿಗೆ ಇಳಿದಿರಲಿಲ್ಲ.

“ಹಾಗಾದರೆ ಬನ್ನಿ” ಎಂದು ಅವನು ಒಂದು ಗೋಣಿಯನ್ನು ನೆಲಕ್ಕೆ ಹಾಸಿದನು. ನಾವು ಒಳಗೆ ಹೋಗಿ ಟಾರ್ಚನ್ನು ತಂದು, ಪಂಚೆಯನ್ನು ಎತ್ತಿಕಟ್ಟಿ, ಅವನ ಪಕ್ಕದಲ್ಲಿ ಅಂಗಾತ ಮಲಗಿ ಕಾರಿನ ಅಡಿಗೆ ಜರಗಿದೆವು.